ಸ್ಥೂಲವೂ ಸೂಕ್ಷ್ಮವೂ: ಲೆಕ್ಕದ ತಾಳೆಯ ಇತಿಹಾಸ

೧

ಲೆಕ್ಕವನ್ನು ಕುರಿತು ಕನ್ನಡದಲ್ಲಿ ನಿತ್ಯ ಬಳಕೆಯಲ್ಲಿರುವ ನಾಲ್ಕು ಮಾತುಗಳು ಇವು: ಸುಮಾರು, ಅಂದಾಜು, ಅಜಮಾಸು, ತಾಳೆ. ಪುಣೆಯ ಪೇಟೆಯಲ್ಲಿ ಇವೇ ಮಾತುಗಳು ಸುಮಾರ, ಅಂದಾಜ, ಅಜಮಾಸ, ತಾಳಾ ಎಂದು ಕೇಳಿಬರುತ್ತವೆ. ಮೊದಲಿನ ಮೂರು ಪಾರಸಿಯಿಂದ ಎರಡು ಭಾಷೆಗಳಿಗೂ ಬಂದವು. ಮೂಲದಲ್ಲಿ ಸುಮಾರು ಎಂದರೆ ಎಣಿಕೆ, ಅಂದಾಜು ಎಂದರೆ ಅಳತೆ, ಅಜಮಾಸು ಎಂದರೆ ಪರೀಕ್ಷೆ. ಇಂದು ಮೂರಕ್ಕೂ ‘ಹೆಚ್ಚು ಕಡಿಮೆ ಇಷ್ಟು’ ಎಂಬುದೊಂದೇ ಅರ್ಥ ಉಳಿದಿದೆ. ಎಣಿಕೆ, ಅಳತೆ, ಪರೀಕ್ಷೆಗಳನ್ನು ಹೇಳುತ್ತಿದ್ದ ಶಬ್ದಗಳು ಊಹೆಯನ್ನು ಹೇಳುವ ಶಬ್ದಗಳಾದುದು ವಿಚಾರಾರ್ಹವಾಗಿದೆ.

ಅಂದಾಜು ಎಂಬುದು ಸೋಮಾರಿಯ ಲೆಕ್ಕ, ನಿಷ್ಕೃಷ್ಟ ಗಣಿತಕ್ಕೆ ಅದು ವಿರೋಧಿ ಎಂಬ ಭಾವನೆ ಸುಶಿಕ್ಷಿತರಲ್ಲಿ ಬೇರೂರಿದೆ. ಶಾಲೆಯ ಹುಡುಗನು ಉತ್ತರ ‘ಸುಮಾರು ಒಂಬತ್ತು ಸಾವಿರ’ ಎಂದರೆ ಉಪಾಧ್ಯಾಯರು ಒಪ್ಪುವುದಿಲ್ಲ. ಆದರೆ ಭಾರತೀಯ ಗಣಿತದ ಇತಿಹಾಸವನ್ನು, ವಿಶೇಷವಾಗಿ ಕನ್ನಡ ನಾಡಿನಲ್ಲಿಯೂ ಅದರ ನೆರೆಯ ಮಹಾರಾಷ್ಟ್ರದಲ್ಲಿಯೂ ಬೆಳೆದ ಗಣಿತವನ್ನು ಅವಲೋಕಿಸಿದರೆ ಬೇರೆಯ ಚಿತ್ರವೇ ಕಾಣುತ್ತದೆ. ಅಲ್ಲಿ ಸ್ಥೂಲವು ಸೂಕ್ಷ್ಮಕ್ಕೆ ಶತ್ರುವಲ್ಲ, ಅದರ ಸಾಕ್ಷಿ. ಅಂದಾಜು ತಾಳೆಯ ಮೊದಲ ಮೆಟ್ಟಿಲು. ಈ ಸಂಬಂಧವು ಹೇಗೆ ಬೆಳೆದು ಬಂದಿತು, ಅದರ ಮಿತಿಗಳಾವುವು ಎಂಬುದನ್ನು ವಿವರಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

೨

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ೮೫೦ರ ಸುಮಾರಿಗೆ, ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಗ್ರಂಥದ ಆರಂಭದಲ್ಲಿ ಅಮೋಘವರ್ಷನ ಸ್ತುತಿಯಿದೆ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ವಿದ್ವತ್ ಪ್ರಪಂಚದ ಲಕ್ಷ್ಯವು ಇದರತ್ತ ಹರಿಯಿತು.

ಈ ಗ್ರಂಥದ ಕ್ಷೇತ್ರಗಣಿತ ಭಾಗದಲ್ಲಿ ಒಂದೇ ಆಕೃತಿಗೆ ಎರಡು ಬಗೆಯ ಲೆಕ್ಕ ಹೇಳಿದೆ: ಒಂದು ವ್ಯಾವಹಾರಿಕ, ಇನ್ನೊಂದು ಸೂಕ್ಷ್ಮ. ವೃತ್ತದ ಪರಿಧಿ ಬೇಕಾದರೆ ವ್ಯಾಸವನ್ನು ಮೂರರಿಂದ ಗುಣಿಸಬೇಕೆಂಬುದು ವ್ಯಾವಹಾರಿಕ. ಹತ್ತರ ವರ್ಗಮೂಲದಿಂದ ಗುಣಿಸಬೇಕೆಂಬುದು ಸೂಕ್ಷ್ಮ. ಮೊದಲನೆಯದನ್ನು ಹೊಲದ ಬದುವಿನ ಮೇಲೆ ನಿಂತೇ ಮಾಡಬಹುದು. ಎರಡನೆಯದಕ್ಕೆ ಹಲಗೆ ಬಳಪ ಬೇಕು. ಆಚಾರ್ಯನು ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟಿಲ್ಲ. ಎರಡನ್ನೂ ಕ್ರಮವಾಗಿ ಕಲಿಸಿದ್ದಾನೆ.

ಇದಕ್ಕಿಂತಲೂ ಬೋಧಪ್ರದವಾದುದು ಖಾತ ವ್ಯವಹಾರ, ಅಂದರೆ ಅಗೆತದ ಲೆಕ್ಕ. ಬಾವಿ, ಕೆರೆ, ಹೊಂಡಗಳನ್ನು ಅಗೆಯುವಾಗ ಬಾಯಿ ಅಗಲವಾಗಿಯೂ ತಳ ಕಿರಿದಾಗಿಯೂ ಇರುವುದು ಸಹಜ. ತೆಗೆದ ಮಣ್ಣಿನ ಪ್ರಮಾಣವೆಷ್ಟು? ಇಲ್ಲಿ ಮಹಾವೀರನು ಎರಡು ಸ್ಥೂಲ ಫಲಗಳನ್ನು ಹೇಳುತ್ತಾನೆ. ಬಾಯಿ ತಳಗಳ ಅಳತೆಗಳ ಸರಾಸರಿಯನ್ನು ಮೊದಲು ತೆಗೆದು, ಅದರಿಂದ ಕ್ಷೇತ್ರಫಲವನ್ನು ಸಾಧಿಸಿ, ಆಳದಿಂದ ಗುಣಿಸಿದರೆ ಬರುವುದು ‘ಕರ್ಮಾಂತಿಕ’. ಬಾಯಿಯ ಕ್ಷೇತ್ರಫಲ, ತಳದ ಕ್ಷೇತ್ರಫಲಗಳನ್ನು ಬೇರೆಬೇರೆ ಸಾಧಿಸಿ, ಅವುಗಳ ಸರಾಸರಿಯನ್ನು ಆಳದಿಂದ ಗುಣಿಸಿದರೆ ಬರುವುದು ‘ಔಂಡ್ರ’. ಈ ಎರಡರ ಅಂತರದ ಮೂರನೆಯ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮ ಫಲ ದೊರೆಯುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಚೌಕಾಕಾರದ ಒಂದು ಹೊಂಡದ ಬಾಯಿ ೧೨ ಮೊಳ, ತಳ ೬ ಮೊಳ, ಆಳ ೪ ಮೊಳ ಎಂದಿಟ್ಟುಕೊಳ್ಳೋಣ. ಸರಾಸರಿ ಬಾಹು ೯. ಅದರ ವರ್ಗ ೮೧. ಆಳದಿಂದ ಗುಣಿಸಲು ಕರ್ಮಾಂತಿಕ ೩೨೪. ಬಾಯಿಯ ಕ್ಷೇತ್ರ ೧೪೪, ತಳದ್ದು ೩೬, ಸರಾಸರಿ ೯೦, ಆಳದಿಂದ ಗುಣಿಸಲು ಔಂಡ್ರ ೩೬೦. ಅಂತರ ೩೬, ಅದರ ತೃತೀಯಾಂಶ ೧೨. ಆದುದರಿಂದ ಸೂಕ್ಷ್ಮ ಫಲ ೩೩೬ ಘನ ಮೊಳ. ಇಂದಿನ ಗಣಿತದ ಸೂತ್ರದಿಂದಲೂ ಬರುವ ಉತ್ತರ ಇದೇ.

ಈ ವಿಧಾನದ ಮೂಲವು ಬ್ರಹ್ಮಗುಪ್ತನಲ್ಲಿ (ಕ್ರಿ.ಶ. ೬೨೮) ಇದೆ. ಆದರೆ ಅದರಲ್ಲಿ ಅಡಗಿರುವ ತತ್ತ್ವವನ್ನು ಗಮನಿಸಬೇಕು. ಎರಡು ಅಂದಾಜುಗಳಲ್ಲಿ ಒಂದು ಯಾವಾಗಲೂ ಕಡಿಮೆ, ಇನ್ನೊಂದು ಯಾವಾಗಲೂ ಹೆಚ್ಚು; ಸತ್ಯವು ಎರಡರ ನಡುವೆ ಸಿಕ್ಕಿಕೊಂಡಿದೆ. ಯಾರಾದರೂ ಉತ್ತರ ೩೦೦ ಎಂದೋ ೪೦೦ ಎಂದೋ ಹೇಳಿದರೆ ಅವನ ಲೆಕ್ಕವನ್ನು ಬಿಡಿಸಿ ನೋಡದೆಯೇ ತಪ್ಪೆನ್ನಬಹುದು. ಇದು ಬರಿಯ ಶಾಸ್ತ್ರದ ಮಾತೂ ಅಲ್ಲ. ಮಣ್ಣಿನ ಪ್ರಮಾಣದ ಮೇಲೆ ಕೂಲಿ ಕೊಡುವುದಾದರೆ, ಕೊಡುವವನಿಗೆ ಕರ್ಮಾಂತಿಕ ಹಿತ, ಅಗೆದವನಿಗೆ ಔಂಡ್ರ ಹಿತ. ಸೂಕ್ಷ್ಮ ಫಲವೇ ನ್ಯಾಯ. ಅಂದಾಜಿನ ಎರಡು ತುದಿಗಳನ್ನು ಬಲ್ಲವನಿಗೆ ಅನ್ಯಾಯ ಯಾವ ಕಡೆಗೆ ವಾಲಿದೆ ಎಂಬುದೂ ಗೊತ್ತಾಗುತ್ತದೆ.

೩

ಸ್ಥೂಲ, ಸೂಕ್ಷ್ಮ ಎಂಬ ಭೇದವು ಪ್ರಯೋಜನವನ್ನು ಅವಲಂಬಿಸಿದ್ದು, ನಿತ್ಯವಾದುದಲ್ಲ. ಕ್ರಿ.ಶ. ೪೯೯ರಲ್ಲಿಯೇ ಆರ್ಯಭಟನು ೨೦೦೦೦ ವ್ಯಾಸದ ವೃತ್ತಕ್ಕೆ ೬೨೮೩೨ ಪರಿಧಿಯನ್ನು ಹೇಳಿ, ಇಷ್ಟು ನಿಕಟವಾದ ಬೆಲೆಯನ್ನೂ ‘ಆಸನ್ನ’ ಎಂದೇ ಕರೆದನು. ಆಸನ್ನವೆಂದರೆ ಸಮೀಪಕ್ಕೆ ಬಂದದ್ದು, ತಲುಪಿದ್ದಲ್ಲ. ೧೧೫೦ರಲ್ಲಿ ‘ಲೀಲಾವತಿ’ಯನ್ನು ಒಳಗೊಂಡ ‘ಸಿದ್ಧಾಂತಶಿರೋಮಣಿ’ಯನ್ನು ಬರೆದ ಭಾಸ್ಕರಾಚಾರ್ಯನು ಮತ್ತೆ ಎರಡು ಬೆಲೆಗಳನ್ನು ಕೊಟ್ಟನು: ಸೂಕ್ಷ್ಮಕ್ಕೆ ೩೯೨೭/೧೨೫೦, ವ್ಯವಹಾರಕ್ಕೆ ೨೨/೭. ಅವನ ಉದಾಹರಣೆಯಲ್ಲಿ ವ್ಯಾಸ ೭. ಸ್ಥೂಲ ಪರಿಧಿ ೨೨. ಸೂಕ್ಷ್ಮ ಪರಿಧಿ ೨೧ ಮತ್ತು ೧೨೩೯/೧೨೫೦. ಎರಡಕ್ಕೂ ಇರುವ ವ್ಯತ್ಯಾಸ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಸೂಕ್ಷ್ಮದ ದೊಡ್ಡ ಭಿನ್ನರಾಶಿಯಲ್ಲಿ ಎಲ್ಲಿಯಾದರೂ ಕೈ ತಪ್ಪಿದ್ದರೆ ಪಕ್ಕದಲ್ಲಿರುವ ೨೨ ಅದನ್ನು ತೋರಿಸಿಕೊಡುತ್ತದೆ.

ಇಲ್ಲಿ ಒಂದು ಕುತೂಹಲದ ಅಂಶವಿದೆ. ಮಹಾವೀರನು ಸೂಕ್ಷ್ಮವೆಂದ ಹತ್ತರ ವರ್ಗಮೂಲ ೩.೧೬೨. ಭಾಸ್ಕರನು ಸ್ಥೂಲವೆಂದ ೨೨/೭ರ ಬೆಲೆ ೩.೧೪೩. ನಿಜವಾದ ಬೆಲೆ ೩.೧೪೧೬ಕ್ಕೆ ಸಮೀಪ. ಅರ್ಥಾತ್, ಒಂಬತ್ತನೆಯ ಶತಮಾನದ ಸೂಕ್ಷ್ಮವು ಹನ್ನೆರಡನೆಯ ಶತಮಾನದ ಸ್ಥೂಲಕ್ಕಿಂತ ಒರಟು.

ಸಂಖ್ಯೆಯನ್ನು ಪೂರ್ಣಾಂಕಕ್ಕೆ ಸರಿಹೊಂದಿಸುವ ಕ್ರಮವೂ ಹಳೆಯದೇ. ಆರ್ಯಭಟನ ಜ್ಯಾಕೋಷ್ಟಕದಲ್ಲಿ ವೃತ್ತದ ಪರಿಧಿ ೨೧೬೦೦ ಕಲೆಗಳು. ಅದರಿಂದ ತ್ರಿಜ್ಯೆ ೩೪೩೭ ಮತ್ತು ಸುಮಾರು ಮುಕ್ಕಾಲು ಬರುತ್ತದೆ. ಕೋಷ್ಟಕದಲ್ಲಿ ಇರುವುದು ೩೪೩೮. ಶೇಷವು ಅರ್ಧವನ್ನು ಮೀರಿದರೆ ಒಂದನ್ನು ಕೂಡಿಸಿಕೊಳ್ಳಬೇಕು, ಮೀರದಿದ್ದರೆ ಬಿಡಬೇಕು ಎಂಬ ನಿಯಮವು ಜ್ಯೋತಿಷ ಗ್ರಂಥಗಳ ವ್ಯಾಖ್ಯಾನಗಳಲ್ಲಿ ಸಾಮಾನ್ಯವಾಗಿತ್ತು.

೪

ಉತ್ತರವನ್ನು ಪರೀಕ್ಷಿಸುವ ಇನ್ನೊಂದು ದಾರಿ ಒಂಬತ್ತರ ತಾಳೆ. ಕ್ರಿ.ಶ. ೯೫೦ರ ಸುಮಾರಿನವನೆಂದು ವಿದ್ವಾಂಸರು ಹೇಳುವ ಎರಡನೆಯ ಆರ್ಯಭಟನ ‘ಮಹಾಸಿದ್ಧಾಂತ’ದಲ್ಲಿ ಇದರ ಸ್ಪಷ್ಟ ನಿರೂಪಣೆಯಿದೆ. ಸಂಖ್ಯೆಯ ಅಂಕಗಳನ್ನು ಒಂದೇ ಅಂಕ ಉಳಿಯುವವರೆಗೆ ಕೂಡಿಸುತ್ತ ಹೋಗಬೇಕು. ಗುಣ್ಯ ಗುಣಕಗಳ ಶೇಷಗಳನ್ನು ಗುಣಿಸಿ ಬಂದ ಶೇಷವು ಗುಣಲಬ್ಧದ ಶೇಷಕ್ಕೆ ಸಮನಾಗಿರಬೇಕು. ೧೩೫೬ರಲ್ಲಿ ನಾರಾಯಣ ಪಂಡಿತನು ‘ಗಣಿತಕೌಮುದಿ’ಯಲ್ಲಿ ಒಂಬತ್ತರ ಬದಲು ಇಷ್ಟವಾದ ಯಾವ ಸಂಖ್ಯೆಯಿಂದಲೂ ಇದನ್ನು ಮಾಡಬಹುದೆಂದು ತೋರಿಸಿದನು. ಯುರೋಪಿನಲ್ಲಿಯೂ ಪೀಸಾದ ಲಿಯೊನಾರ್ಡೊ ೧೨೦೨ರ ತನ್ನ ಗ್ರಂಥದಲ್ಲಿ ಈ ಒಂಬತ್ತರ ಪರೀಕ್ಷೆಯನ್ನು ಬಳಸಿದ್ದಾನೆ.

ಒಂಬತ್ತರ ತಾಳೆಯೂ ಅಂದಾಜಿನ ತಾಳೆಯೂ ಒಂದನ್ನೊಂದು ಹೇಗೆ ಪೂರೈಸುತ್ತವೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಚೀಲಕ್ಕೆ ೨೬ ರೂಪಾಯಿಯಂತೆ ೩೪೭ ಚೀಲಗಳ ಬೆಲೆ ೯೦೨೨ ರೂಪಾಯಿ. ೩೪೭ರ ಅಂಕಗಳ ಮೊತ್ತ ೧೪, ಅದರಿಂದ ೫, ೨೬ರಿಂದ ೮, ಇವುಗಳ ಗುಣಲಬ್ಧ ೪೦, ಅದರಿಂದ ೪. ಉತ್ತರವಾದ ೯೦೨೨ರ ಮೊತ್ತ ೧೩, ಅದರಿಂದಲೂ ೪. ತಾಳೆ ಬಿತ್ತು. ಇನ್ನು ಅಂದಾಜು: ೩೪೭ನ್ನು ೩೫೦ಕ್ಕೆ ಏರಿಸಿದರೆ ೩೫೦ ಗುಣಿಸು ೨೬ ಎಂದರೆ ೯೧೦೦. ನಾವು ಏರಿಸಿದ್ದೇವೆ, ಆದುದರಿಂದ ನಿಜವಾದ ಉತ್ತರವು ೯೧೦೦ಕ್ಕಿಂತ ತುಸು ಕಡಿಮೆ ಇರಲೇಬೇಕು.

ಈಗ ಗುಮಾಸ್ತೆಯು ಮೂರು ಬಗೆಯಾಗಿ ತಪ್ಪಬಹುದು. ೯೦೩೨ ಎಂದು ಬರೆದನೆನ್ನೋಣ. ಅಂದಾಜು ಇದನ್ನು ಬಿಟ್ಟುಬಿಡುತ್ತದೆ. ಒಂಬತ್ತರ ತಾಳೆಯಲ್ಲಿ ೪ರ ಬದಲು ೫ ಬಂದು ತಪ್ಪು ಹಿಡಿಯಲ್ಪಡುತ್ತದೆ. ೯೦೨೨೦ ಎಂದು ಒಂದು ಸೊನ್ನೆ ಹೆಚ್ಚು ಬರೆದನೆನ್ನೋಣ. ಸೊನ್ನೆಯಿಂದ ಅಂಕಗಳ ಮೊತ್ತ ಬದಲಾಗದು. ಒಂಬತ್ತರ ತಾಳೆ ಕುರುಡಾಗುತ್ತದೆ. ಅಂದಾಜು ಮಾತ್ರ ಅದನ್ನು ಕೂಡಲೆ ಕಾಣುತ್ತದೆ. ಇನ್ನು ೯೨೦೨ ಎಂದು ಅಂಕಗಳನ್ನು ಅದಲುಬದಲು ಮಾಡಿದನೆನ್ನೋಣ. ಇಲ್ಲಿಯೂ ಒಂಬತ್ತರ ತಾಳೆ ಕುರುಡೇ. ‘ಸುಮಾರು ಒಂಬತ್ತು ಸಾವಿರ’ ಎಂಬ ಒರಟು ಅಂದಾಜಿಗೂ ಇದು ತಪ್ಪಿಸಿಕೊಳ್ಳುತ್ತದೆ. ಆದರೆ ತಾನು ಯಾವ ಕಡೆಗೆ ಏರಿಸಿದೆನೆಂಬುದನ್ನು ನೆನಪಿಟ್ಟುಕೊಂಡವನಿಗೆ ೯೨೦೨ ಎಂಬುದು ೯೧೦೦ನ್ನು ಮೀರಿದುದರಿಂದಲೇ ತಪ್ಪೆಂದು ತಿಳಿಯುತ್ತದೆ. ಅಂದಾಜಿನ ಬಲವು ಸಾಮೀಪ್ಯದಲ್ಲಿ ಮಾತ್ರ ಇಲ್ಲ, ದಿಕ್ಕಿನಲ್ಲಿಯೂ ಇದೆ. ಕರ್ಮಾಂತಿಕ ಔಂಡ್ರಗಳ ಪಾಠವೂ ಇದೇ.

ಒಂಬತ್ತರ ಈ ಕುರುಡನ್ನೇ ಲೆಕ್ಕಿಗರು ಕಣ್ಣಾಗಿ ಮಾಡಿಕೊಂಡದ್ದು ಸ್ವಾರಸ್ಯವಾಗಿದೆ. ತಾಳೆಪಟ್ಟಿಯ ಜಮಾ ಖರ್ಚುಗಳ ಅಂತರವು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, ಯಾವುದೋ ಸಂಖ್ಯೆಯ ಅಂಕಗಳು ಸ್ಥಾನಪಲ್ಲಟಗೊಂಡಿರಬಹುದೆಂದು ಅನುಭವಿಗಳು ಮೊದಲು ಶಂಕಿಸುತ್ತಾರೆ. ೬೮೩೦ ಎಂಬುದನ್ನು ೬೩೮೦ ಎಂದು ಬರೆದರೆ ಅಂತರ ೪೫೦. ಒಂಬತ್ತರ ಐವತ್ತು ಪಟ್ಟು.

೫

ಶಾಸ್ತ್ರಗ್ರಂಥಗಳ ಈ ತಿಳಿವು ಸಂಸ್ಕೃತ ಬಲ್ಲವರಲ್ಲಿಯೇ ಉಳಿದಿದ್ದರೆ ಅದರ ಇತಿಹಾಸ ಇಲ್ಲಿಗೆ ಮುಗಿಯುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ವ್ಯವಹಾರರತ್ನ’, ‘ಚಿತ್ರಹಸುಗೆ’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿ ರಚಿಸಿ ಗಣಿತಕ್ಕೆ ದೇಶಭಾಷೆಯ ಬಾಗಿಲನ್ನು ತೆರೆದನು. ‘ಹಸುಗೆ’ ಎಂದರೆ ಪಾಲು. ಕೊಡುಕೊಳ್ಳುವ, ಹಂಚಿಕೊಳ್ಳುವ ಜನರಿಗಾಗಿ ಹುಟ್ಟಿದ ಗಣಿತವಿದು ಎಂಬುದಕ್ಕೆ ಹೆಸರುಗಳೇ ಪ್ರಮಾಣ.

ಮುಂದೆ ಕೂಲಿಮಠಗಳಲ್ಲಿ ಹುಡುಗರು ಬರಿಯ ಪೂರ್ಣಾಂಕಗಳ ಮಗ್ಗಿಯನ್ನಷ್ಟೇ ಅಲ್ಲ, ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆಗಳ ಮಗ್ಗಿಗಳನ್ನೂ ಬಾಯಿಪಾಠ ಮಾಡುತ್ತಿದ್ದರು. ಮಹಾರಾಷ್ಟ್ರದ ಹಳೆಯ ಶಾಲೆಗಳ ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದಿಡಕಿ, ಅಡೀಚಕಿಗಳು ಇವೇ. ಹದಿನಾರನೆಯ ಒಂದು ಭಾಗಕ್ಕೆ ವೀಸ, ಅರವತ್ತನಾಲ್ಕನೆಯ ಒಂದು ಭಾಗಕ್ಕೆ ಕಾಣಿ ಎಂಬ ಕನ್ನಡದ ಹೆಸರುಗಳಿದ್ದವು. ಈ ಮಗ್ಗಿಗಳನ್ನು ಬಲ್ಲವನಿಗೆ ೪೮ರ ಎರಡೂವರೆ ಪಟ್ಟು ೧೨೦ ಎಂಬುದು ನಾಲಗೆಯ ತುದಿಯಲ್ಲಿರುತ್ತಿತ್ತು. ಎರಡೂವರೆಗೆ ಹತ್ತಿರದ ಯಾವ ಧಾರಣೆಯನ್ನು ಕೇಳಿದರೂ ಉತ್ತರ ಯಾವ ನೆರೆಯಲ್ಲಿರಬೇಕೆಂಬುದು ಬರೆಯುವ ಮೊದಲೇ ಗೊತ್ತಾಗುತ್ತಿತ್ತು.

ಆಡಳಿತದಲ್ಲಿ ಈ ಪದ್ಧತಿಯ ದೊಡ್ಡ ರೂಪವನ್ನು ಪುಣೆಯಲ್ಲಿ ಕಾಣಬಹುದು. ಪೇಶವೆಯರ ಹುಜೂರ್ ದಫ್ತರದಲ್ಲಿ ಪ್ರಾಂತಗಳ ಆದಾಯ ವೆಚ್ಚಗಳ ಅಜಮಾಸು ಸಿದ್ಧವಾಗುತ್ತಿತ್ತು. ಮಾಮಲೇದಾರರಿಂದ ಬಂದ ನಿಜವಾದ ಲೆಕ್ಕವನ್ನು ಅದರೊಡನೆ ಹೋಲಿಸುತ್ತಿದ್ದರು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಧಾರವಾಡದ ಸೀಮೆಯು ಪೇಶವೆಯರ ಆಡಳಿತಕ್ಕೆ ಒಳಪಟ್ಟಿದ್ದಾಗ ಕನ್ನಡ ಹಳ್ಳಿಗಳ ಲೆಕ್ಕವೂ ಮೋಡಿ ಲಿಪಿಯಲ್ಲಿ ಪುಣೆಗೆ ಬರುತ್ತಿತ್ತು. ಅಜಮಾಸಿಗೂ ನಿಜಕ್ಕೂ ಹೆಚ್ಚು ಅಂತರ ಕಂಡರೆ ಮಳೆ ಹೋಯಿತೇ, ದಂಡು ಹಾಯ್ದಿತೇ, ಹಣ ನುಂಗಲ್ಪಟ್ಟಿತೇ ಎಂಬ ಪ್ರಶ್ನೆ ಏಳುವುದು ಸಹಜ. ಅಜಮಾಸು ಎಂಬ ಶಬ್ದದ ಮೂಲಾರ್ಥವಾದ ‘ಪರೀಕ್ಷೆ’ ಇಲ್ಲಿ ಸಾರ್ಥಕವಾಗಿದೆ.

೬

ಅಂದಾಜಿಗೆ ಗುಣವಿರುವಂತೆ ಅಪಾಯವೂ ಇದೆ. ಪರೀಕ್ಷೆಗಾಗಿ ಮಾಡಿದ ಸ್ಥೂಲವನ್ನೇ ಸತ್ಯವೆಂದು ನಂಬಿ ಅದರ ಮೇಲೆ ಮುಂದಿನ ಲೆಕ್ಕವನ್ನು ಕಟ್ಟುತ್ತ ಹೋದರೆ ಸಣ್ಣ ದೋಷವು ಬೆಳೆಯುತ್ತದೆ. ೧೫೨೦ರಲ್ಲಿ ಕೊಂಕಣದ ನಾಂದಗಾಂವಿನ ಗಣೇಶ ದೈವಜ್ಞನು ರಚಿಸಿದ ‘ಗ್ರಹಲಾಘವ’ವು ಇದಕ್ಕೆ ಉತ್ತಮ ನಿದರ್ಶನ. ಜ್ಯಾ ಚಾಪಗಳ ತೊಡಕನ್ನು ಅವನು ಪೂರ್ತಿಯಾಗಿ ಬಿಟ್ಟುಕೊಟ್ಟನು. ಹನ್ನೊಂದು ವರ್ಷಗಳ, ಅಂದರೆ ೪೦೧೬ ದಿನಗಳ ಒಂದು ಚಕ್ರವನ್ನು ಕಲ್ಪಿಸಿ, ಲಕ್ಷಗಟ್ಟಲೆ ದಿನಗಳ ಎಣಿಕೆಯನ್ನು ಸಾವಿರಗಳಿಗೆ ಇಳಿಸಿದನು. ಸಾಮಾನ್ಯ ಜೋಯಿಸನೂ ಗ್ರಹಗಣಿತ ಮಾಡಲು ಶಕ್ತನಾದನು. ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಪಂಚಾಂಗಗಳು ಈ ಗ್ರಂಥವನ್ನು ಅನುಸರಿಸಿದವು. ಇದೇ ಗಣೇಶನು ‘ಲೀಲಾವತಿ’ಗೆ ಬರೆದ ‘ಬುದ್ಧಿವಿಲಾಸಿನಿ’ ಎಂಬ ವ್ಯಾಖ್ಯಾನವನ್ನು ೧೯೩೭ರಲ್ಲಿ ಪುಣೆಯ ಆನಂದಾಶ್ರಮವು ಪ್ರಕಟಿಸಿತು. ಅವನು ಸೂಕ್ಷ್ಮವನ್ನು ಅರಿಯದೆ ಸ್ಥೂಲಕ್ಕೆ ಇಳಿದವನಲ್ಲ.

ಆದರೆ ಮೂರು ಶತಮಾನಗಳು ಕಳೆಯುವಷ್ಟರಲ್ಲಿ ಪಂಚಾಂಗದ ಗ್ರಹಸ್ಥಿತಿಗೂ ಆಕಾಶದಲ್ಲಿ ಕಾಣುವ ಸ್ಥಿತಿಗೂ ಅಂತರ ಬಿದ್ದಿತು. ಪುಣೆಯ ಕೇರೋ ಲಕ್ಷ್ಮಣ ಛತ್ರೆಯವರು ೧೮೬೦ರಲ್ಲಿ ಪಾಶ್ಚಾತ್ಯ ಗಣಿತವನ್ನು ಅನುಸರಿಸಿ ಗ್ರಹಸಾಧನದ ಕೋಷ್ಟಕಗಳನ್ನು ಮರಾಠಿಯಲ್ಲಿ ಪ್ರಕಟಿಸಿದರು. ನರಗುಂದದಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿ ಉಪಾಧ್ಯಾಯರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು ‘ಜ್ಯೋತಿರ್ಗಣಿತ’ವೇ ಮೊದಲಾದ ಗ್ರಂಥಗಳಿಂದ ಆ ಕಾರ್ಯವನ್ನು ಮುಂದುವರಿಸಿದರು. ಅಂದಾಜನ್ನು ಆಗಾಗ ನಿಜದೊಡನೆ ತಾಳೆ ನೋಡದಿದ್ದರೆ ಅದು ಸಾಕ್ಷಿಯಾಗಿ ಉಳಿಯದು ಎಂಬುದೇ ಈ ವೃತ್ತಾಂತದ ಸಾರ.

೭

ಇಪ್ಪತ್ತನೆಯ ಶತಮಾನದಲ್ಲಿ ಇಡೀ ದೇಶವೇ ಒಮ್ಮೆ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ೧೯೫೭ರ ಏಪ್ರಿಲ್ ೧ರಂದು ದಶಮಾನ ನಾಣ್ಯ ಪದ್ಧತಿ ಜಾರಿಗೆ ಬಂದು, ಹದಿನಾರು ಆಣೆಗಳ ರೂಪಾಯಿಯು ನೂರು ನಯೇ ಪೈಸೆಗಳದಾಯಿತು. ಒಂದಾಣೆಗೆ ಸರಿಯಾದ ಬೆಲೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಆದುದರಿಂದ ಸರಕಾರದ ಕೋಷ್ಟಕದಲ್ಲಿ ಒಂದಾಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫ ಪೈಸೆ ಎಂದು ಗೊತ್ತುಮಾಡಲಾಯಿತು. ಎರಡಾಣೆಯ ಹನ್ನೆರಡೂವರೆಯಲ್ಲಿ ಉಳಿದ ಅರ್ಧವನ್ನು ಬಿಡಲಾಯಿತು.

ಪರಿಣಾಮವನ್ನು ಗಮನಿಸಬೇಕು. ದಿನಕ್ಕೆ ಒಂದಾಣೆಯಂತೆ ಹದಿನಾರು ದಿನ ಪಡೆಯುವವನಿಗೆ ಹಿಂದೆ ಒಂದು ರೂಪಾಯಿ ಸೇರುತ್ತಿತ್ತು. ದಿನದಿನವೂ ಕೋಷ್ಟಕದಂತೆ ಪಡೆದರೆ ೯೬ ಪೈಸೆ ಮಾತ್ರ. ಮೂರಾಣೆಯಂತೆ ಹದಿನಾರು ಸಲ ಪಡೆಯುವವನಿಗೆ ಮೂರು ರೂಪಾಯಿಯ ಬದಲು ಮೂರು ರೂಪಾಯಿ ನಾಲ್ಕು ಪೈಸೆ. ಒಬ್ಬನಿಗೆ ನಾಲ್ಕು ಪೈಸೆ ನಷ್ಟ, ಇನ್ನೊಬ್ಬನಿಗೆ ನಾಲ್ಕು ಪೈಸೆ ಲಾಭ. ಕೋಷ್ಟಕದಲ್ಲಿ ತಪ್ಪಿಲ್ಲ. ಬಿಡಿಬಿಡಿಯಾಗಿ ಸರಿಹೊಂದಿಸಿ ಆಮೇಲೆ ಕೂಡಿಸುವುದರಲ್ಲಿ ತಪ್ಪಿದೆ. ಮೊದಲು ಕೂಡಿಸಿ ಕೊನೆಗೊಮ್ಮೆ ಸರಿಹೊಂದಿಸಿದರೆ ಇಬ್ಬರಿಗೂ ನ್ಯಾಯ ದೊರೆಯುತ್ತದೆ. ಸಾವಿರ ಬಾಬುಗಳ ಲೆಕ್ಕದಲ್ಲಿ ಒಂದಾಣೆಯ ಈ ಕಾಲು ಪೈಸೆ ಎರಡೂವರೆ ರೂಪಾಯಿಯಾಗುತ್ತದೆ.

ಕಾಲಕ್ರಮದಲ್ಲಿ ಪೈಸೆಯೇ ವ್ಯವಹಾರದಿಂದ ಮರೆಯಾಯಿತು. ೨೦೧೧ರ ಜೂನ್ ೩೦ರಿಂದ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ ನಿಂತಿತು. ಬಡ್ಡಿಯೇ ಮೊದಲಾದ ವ್ಯವಹಾರಗಳನ್ನು ಸಮೀಪದ ರೂಪಾಯಿಗೆ ಸರಿಹೊಂದಿಸಬೇಕು, ಐವತ್ತು ಪೈಸೆ ಮತ್ತು ಮೇಲ್ಪಟ್ಟುದನ್ನು ಏರಿಸಬೇಕು, ಕಡಿಮೆಯಾದುದನ್ನು ಬಿಡಬೇಕು ಎಂಬುದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ವಿಧಿಸಿದ ನಿಯಮ. ಜ್ಯೋತಿಷಿಗಳು ಅರ್ಧವನ್ನು ಮೀರಿದರೆ ಒಂದನ್ನು ಕೂಡಿಸಿದರು. ೧೯೫೭ರ ಕೋಷ್ಟಕವು ಸರಿಯಾದ ಅರ್ಧವನ್ನು ಬಿಟ್ಟಿತು. ಬ್ಯಾಂಕಿನ ನಿಯಮವು ಅದೇ ಅರ್ಧವನ್ನು ಏರಿಸಿತು. ಅರ್ಧವನ್ನು ಎತ್ತ ಕಡೆಗೆ ಹಾಕಬೇಕೆಂಬುದು ಗಣಿತದಿಂದ ತೀರ್ಮಾನವಾಗುವ ವಿಷಯವಲ್ಲ. ಅದು ಒಪ್ಪಂದದ ವಿಷಯ. ಒಪ್ಪಂದವು ಎಲ್ಲರಿಗೂ ತಿಳಿದಿರಬೇಕು, ಎಲ್ಲರಿಗೂ ಒಂದೇ ಆಗಿರಬೇಕು.

೮

ಕೊನೆಯದಾಗಿ ಸಮೀಪಕಾಲದ ಒಂದು ಪ್ರಸಂಗ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು ೧೯೮೦ರ ಜೂನ್ ೧೮ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ೭೬೮೬೩೬೯೭೭೪೮೭೦ ಎಂಬುದನ್ನು ೨೪೬೫೦೯೯೭೪೫೭೭೯ ಎಂಬುದರಿಂದ ೨೮ ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿ ೧೮೯೪೭೬೬೮೧೭೭೯೯೫೪೨೬೪೬೨೭೭೩೭೩೦ ಎಂಬ ಉತ್ತರವನ್ನು ಕೊಟ್ಟರು. ಇಷ್ಟು ದೊಡ್ಡ ಗುಣಾಕಾರವನ್ನು ಮಾಡುವ ಶಕ್ತಿ ಕೋಟಿಗೊಬ್ಬರಿಗೂ ಇರಲಾರದು. ಆದರೆ ಅದನ್ನು ಪರೀಕ್ಷಿಸುವ ಶಕ್ತಿ ಮಗ್ಗಿ ಬಲ್ಲ ಪ್ರತಿಯೊಬ್ಬರಿಗೂ ಇದೆ. ಮೊದಲ ಅಂಕಗಳನ್ನು ಏಳೂವರೆ, ಎರಡೂವರೆ ಎಂದು ಹಿಡಿದರೆ ಗುಣಲಬ್ಧ ಹದಿನೆಂಟೂಮುಕ್ಕಾಲು. ಉತ್ತರದ ಮೊದಲು ಇರುವುದು ಹದಿನೆಂಟು, ಮುಂದೆ ಒಂಬತ್ತು. ಹದಿಮೂರು ಅಂಕಗಳ ಎರಡು ಸಂಖ್ಯೆಗಳ ಗುಣಲಬ್ಧಕ್ಕೆ ಇಪ್ಪತ್ತಾರು ಅಂಕಗಳು ಬಂದಿವೆ, ಅಳತೆ ಸರಿ. ಗುಣ್ಯದ ಅಂಕಗಳ ಮೊತ್ತ ೭೮, ಶೇಷ ೬. ಗುಣಕದ ಮೊತ್ತ ೭೪, ಶೇಷ ೨. ಗುಣಲಬ್ಧ ೧೨, ಶೇಷ ೩. ಉತ್ತರದ ಅಂಕಗಳ ಮೊತ್ತ ೧೩೮, ಶೇಷವೂ ೩. ಕೊನೆಯ ಅಂಕಗಳು ಸೊನ್ನೆ ಮತ್ತು ಒಂಬತ್ತು. ಉತ್ತರದ ಕೊನೆಯೂ ಸೊನ್ನೆ. ಆದಿ, ಅಂತ್ಯ, ಶೇಷ ಎಂಬ ಮೂವರು ಸಾಕ್ಷಿಗಳು ಒಂದೇ ಮಾತನ್ನು ಹೇಳಿದರು. ಇದರಿಂದ ಉತ್ತರವು ನಿರ್ದುಷ್ಟವೆಂದು ಸಿದ್ಧವಾಗುವುದಿಲ್ಲ. ತಪ್ಪಿದ್ದರೆ ಬಹುಮಟ್ಟಿಗೆ ಸಿಕ್ಕಿಬೀಳುತ್ತಿತ್ತು ಎಂಬುದಷ್ಟೇ ಸಿದ್ಧವಾಗುತ್ತದೆ. ಸಾಕ್ಷಿಯಿಂದ ಅದಕ್ಕಿಂತ ಹೆಚ್ಚನ್ನು ಬಯಸಲಾಗದು.

ಇಂದು ಗುಣಿಸುವ, ಕೂಡಿಸುವ ಕೆಲಸವನ್ನು ಯಂತ್ರಗಳು ವಹಿಸಿಕೊಂಡಿವೆ. ಯಂ‌ತ್ರವು ತನಗೆ ಕೊಟ್ಟ ಸಂಖ್ಯೆಗಳನ್ನು ತಪ್ಪದೆ ಗುಣಿಸುತ್ತದೆ. ಕೊಟ್ಟ ಸಂಖ್ಯೆಯೇ ತಪ್ಪಾಗಿದ್ದರೆ ಅದರ ಉತ್ತರವು ಅಷ್ಟೇ ದೃಢವಾಗಿ ತಪ್ಪಾಗಿರುತ್ತದೆ. ಬೆರಳು ಒಂದು ಸೊನ್ನೆಯನ್ನು ಹೆಚ್ಚು ಒತ್ತಿದರೆ, ದಶಾಂಶದ ಬಿಂದು ಒಂದು ಮನೆ ಸರಿದರೆ, ತೆರೆಯ ಮೇಲೆ ಮೂಡುವ ಸಂಖ್ಯೆಯಲ್ಲಿ ಅಂಜಿಕೆಯ ಗುರುತು ಇರುವುದಿಲ್ಲ. ‘ಇದು ಇಷ್ಟಿರಲಾರದು’ ಎಂದು ಹೇಳಬೇಕಾದವನು ಎದುರಿಗೆ ಕುಳಿತ ಮನುಷ್ಯನೇ. ಹಾಗೆ ಹೇಳಬೇಕಾದರೆ ಎಷ್ಟಿರಬೇಕೆಂಬುದು ಅವನಿಗೆ ಮೊದಲೇ ತಿಳಿದಿರಬೇಕು. ಕೂಲಿಮಠದ ಮಗ್ಗಿಗಳು ಹೋದುವೆಂದು ಮರುಗಬೇಕಾಗಿಲ್ಲ. ಅವುಗಳ ಜೊತೆಗೆ ಈ ಅಭ್ಯಾಸವೂ ಹೋಗಬಾರದು. ಲೆಕ್ಕಕ್ಕೆ ಮುನ್ನ ಅಜಮಾಸು, ಲೆಕ್ಕದ ನಂತರ ತಾಳೆ, ಸರಿಹೊಂದಿಸುವುದು ಕೊನೆಗೆ ಒಮ್ಮೆ ಮಾತ್ರ: ಮಾನ್ಯಖೇಟದ ಕಾಲದಿಂದ ನಡೆದು ಬಂದ ಈ ವಿವೇಕವು ಮನೆಯ ಖರ್ಚಿನ ಪುಸ್ತಕಕ್ಕೂ ದೇಶದ ಮುಂಗಡಪತ್ರಕ್ಕೂ ಸಮಾನವಾಗಿ ಸಲ್ಲುತ್ತದೆ.